ಜಗಲಿ ಜಂಕ್ಷನ್

ರೈಲಿಲ್ಲದ ಊರಿನ ಮಕ್ಕಳಿಗೆ ರೈಲಿನ ಬಗ್ಗೆ ಗೊತ್ತಿರುವಷ್ಟು ರೈಲ್ವೆ ಮಂತ್ರಿಗೂ ಗೊತ್ತಿರಲಿಕ್ಕಿಲ್ಲ. ಮತ್ತಿಘಟ್ಟದ ನಮಗೆ ರೈಲು ಬರುತ್ತಿದ್ದುದು ಎರಡು ವರ್ಷಕ್ಕೊಮ್ಮೆ, ಶಿರಸಿ ಮಾರಿಕಾಂಬಾ ಜಾತ್ರೆಯ ಪೇಟೆಯಿಂದ. ಕೀಲಿ ಕೊಟ್ಟರೆ ಓಡುವ ತಗಡಿನ ಎಂಜಿನ್ನು, ಜೋಡಿಸಿದರೆ ವೃತ್ತವಾಗುವ ತುಂಡು ಹಳಿಗಳು. ಮುಂದಿನ ಜಾತ್ರೆಯವರೆಗೆ ಬಾಳಬೇಕಿತ್ತು, ಬಾಳುತ್ತಿರಲಿಲ್ಲ. ಸ್ಪ್ರಿಂಗ್ ಹೋದ ಮೇಲೆ ಅಡಿಕೆ ಹಾಳೆಯೇ ಬೋಗಿ, ಅದರ ಮೇಲೆ ಕೂತ ತಂಗಿಯೇ ಪ್ಯಾಸೆಂಜರ್, ಎಳೆಯುವವನೇ ಎಂಜಿನ್. ಟಿಕೆಟ್ಟಿಗೆ ಒಂದು ಹಿಡಿ ನೆಲ್ಲಿಕಾಯಿ; ಲಾಭ-ನಷ್ಟದ ಲೆಕ್ಕ ಅಲ್ಲಿಂದಲೇ ಶುರು.

ಭೂಗೋಳ ಜಗಲಿಯಲ್ಲೇ ಮುಗಿಯುತ್ತಿತ್ತು. ಮೊದಲ ಕಂಬ ತಾಳಗುಪ್ಪ, ನಡುವಿನದು ಸಾಗರ, ಕೊನೆಯದು ಶಿವಮೊಗ್ಗ. ಅಂಗಳದಿಂದ ಜಗಲಿಗೆ ಓರೆಯಾಗಿ ಇಟ್ಟ ಹಲಗೆ ಮಾತ್ರ ನಮ್ಮದೇ ಜಿಲ್ಲೆಯ ಕ್ಯಾಸಲ್‌ರಾಕ್ ಘಾಟಿ. ಎಂಜಿನ್ನು ಅಲ್ಲಿ ಚಕ್ರ ತಿರುಗಿಸುತ್ತ ನಿಂತಲ್ಲೇ ನಿಲ್ಲುತ್ತಿತ್ತು. ಲೋಹದ ಮೇಲೆ ಲೋಹ ಜಾರುತ್ತದೆ, ಅದಕ್ಕೇ ರೈಲಿಗೆ ಏರು ಕಂಡರೆ ಆಗುವುದಿಲ್ಲ. ಕುಳೆಯಿಂದ ಕ್ಯಾಸಲ್‌ರಾಕಿಗೆ ಹತ್ತುವ ದಾರಿಯಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಅಷ್ಟಕ್ಕೇ ಹಿಂದಿನಿಂದ ಬೇರೆ ಎಂಜಿನ್ನು ದೂಡಬೇಕು. ನಾವು ಬೆರಳಿನಿಂದ ದೂಡುತ್ತಿದ್ದೆವು.

ಆದರೆ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಆ ಹಳಿಯ ವೃತ್ತ. ಎರಡು ಹಳಿಗಳ ನಡುವೆ ಮೂರು ಸೆಂಟಿಮೀಟರ್ ಎನ್ನಿ. ದಾರ ಹಿಡಿದು ಅಳೆದರೆ ಹೊರಗಿನ ಹಳಿ ಒಳಗಿನದಕ್ಕಿಂತ ಹತ್ತಿರ ಹತ್ತಿರ 19 ಸೆಂಟಿಮೀಟರ್ ಉದ್ದ. ಇನ್ನೊಬ್ಬನ ಹಳಿಯನ್ನೂ ಸೇರಿಸಿ ವೃತ್ತ ದೊಡ್ಡದು ಮಾಡಿದರೂ ವ್ಯತ್ಯಾಸ ಅಷ್ಟೇ! ಬ್ರಾಡ್‌ಗೇಜಿನ ಹಳಿ ಮತ್ತಿಘಟ್ಟವನ್ನು ಸುತ್ತಲಿ, ಭೂಮಿಯನ್ನೇ ಸುತ್ತಲಿ, ಹೊರಹಳಿ ಹೆಚ್ಚಾಗುವುದು ಹತ್ತೂವರೆ ಮೀಟರ್ ಮಾತ್ರ. ಹೈಸ್ಕೂಲಿನಲ್ಲಿ ‘ಪೈ’ ಬಂದಾಗ ಎಲ್ಲರೂ ಹೆದರಿದರು. ನನಗೆ ಹಳೇ ನೆಂಟ ಮನೆಗೆ ಬಂದ ಹಾಗಾಯಿತು.

ಸಮಾಜ ವಿಜ್ಞಾನ ಕಲಿಸಿದವರು ಅಜ್ಜ. ಮಾರ್ಗ ಜಗಲಿ ಇಳಿದು ಒಣಗಲು ಹಾಕಿದ ಅಡಿಕೆಯತ್ತ ಹೊರಟಿತೋ, “ತಮಾ, ಅಡ್ಕೆ ಮೇಲೆ ರೈಲು ಬಿಟ್ರೆ ನೋಡು!” ಎಂಬ ತಡೆಯಾಜ್ಞೆ. ಬಳಸಿ ಹೋಗೋಣವೆಂದರೆ ಆಯಿಯ ತುಳಸಿಕಟ್ಟೆ. ಭೂಸ್ವಾಧೀನ, ಪರಿಹಾರ (ಒಂದು ತುಂಡು ಬೆಲ್ಲ), ಮಾರ್ಗ ಬದಲಾವಣೆ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಆಗುತ್ತಿತ್ತು. ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಮಂಜೂರಾತಿ ಸಿಕ್ಕಿತು. ಆಮೇಲೆ ಕಾಡು, ವನ್ಯಜೀವಿ, ಕೋರ್ಟು ಎಂದು ಅದು ನಿಂತಾಗ ನನಗೇನೂ ಆಶ್ಚರ್ಯವಾಗಲಿಲ್ಲ. ರೈಲೂ ಬೇಕು, ಕಾಡೂ ಬೇಕು ಎನ್ನುವ ನನ್ನಂಥವರನ್ನು ಎರಡೂ ಪಕ್ಷದವರು ಊಟಕ್ಕೆ ಕರೆಯುವುದಿಲ್ಲ.

ಈಗ ಮೊಮ್ಮಕ್ಕಳ ಕೈಯಲ್ಲಿ ಬ್ಯಾಟರಿ ರೈಲು. ರಬ್ಬರ್ ಚಕ್ರ, ಹಳಿಯೇ ಇಲ್ಲ, ಹಲಗೆಯನ್ನು ಸರಾಗ ಹತ್ತುತ್ತದೆ. ಹತ್ತಿದ್ದೇಕೆ ಎಂದು ಯಾರೂ ಕೇಳುವುದಿಲ್ಲ, ಪಾಠವೇ ತಪ್ಪಿತು. ಆಟದ ರೈಲು ಬದಲಾಯಿತು, ಊರಿಗೆ ರೈಲು ಮಾತ್ರ ಬರಲಿಲ್ಲ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ತೆರೆಯಿತು, ಅದೂ ಘಟ್ಟದ ಕೆಳಗೆ. ಹಾಗಾಗಿ ಮತ್ತಿಘಟ್ಟದವರು ನಿಜವಾದ ರೈಲು ಹತ್ತಬೇಕೆಂದರೆ ಇವತ್ತಿಗೂ ಬಸ್ಸಿನಲ್ಲಿ ಕುಮಟೆಗೆ ಇಳಿಯಬೇಕು, ಇಲ್ಲವೇ ತಾಳಗುಪ್ಪಕ್ಕೆ ಹೋಗಬೇಕು.