ಡೋಣಿಯ ಸೀಮೆಗೊಂದು ಹಾರುವ ದೋಣಿ

ವಿಜಾಪುರ ಜಿಲ್ಲೆ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಗೋಳಗುಮ್ಮಟ. ಅದರ ಬೆನ್ನಿಗೇ ನೆನಪಾಗುವುದು ಬಿಸಿಲು, ಬಿಳಿಜೋಳ ಮತ್ತು ಬರ. 2014ರಲ್ಲಿ ಜಿಲ್ಲೆಯ ಹೆಸರು ವಿಜಯಪುರ ಎಂದು ಬದಲಾದರೂ ಹೊರಗಿನವರ ಮನಸ್ಸಿನ ಈ ಚಿತ್ರ ಬದಲಾಗಿಲ್ಲ. ಆದರೆ ನಕಾಶೆಯನ್ನು ಬಿಡಿಸಿ ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಇಂಡಿ, ಸಿಂದಗಿಗಳ ಅಂಚಿಗೆ ಭೀಮಾ ನದಿ; ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕೆಳಗೆ ಕೃಷ್ಣೆ; ನಡುವೆ ಎರೆ ಭೂಮಿಯನ್ನು ಬಳಸಿ ಹರಿಯುವ ಡೋಣಿ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂಬುದು ಈ ಭಾಗದ ಹಳೆಯ ಮಾತು.

ಇಂಥ ಡೋಣಿಯ ಸೀಮೆಯಲ್ಲಿ ಹಾರುವ ದೋಣಿಯ ಮಾತು ಯಾಕೆ ಎಂದು ಕೇಳಬಹುದು. ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ ಹಳೆಯ ಕಾಲದ ವಿಮಾನವೊಂದರ ಪ್ರತಿಕೃತಿಯನ್ನು, ಮೊಳೆ ಮೊಳೆಯೂ ಅಳತೆಗೆ ಸರಿಹೋಗುವಂತೆ ಕಟ್ಟಲು ಬೇಕಾದದ್ದೆಲ್ಲ ಭೀಮೆಯಿಂದ ಕೃಷ್ಣೆಯವರೆಗಿನ ಈ ದಾರಿಯಲ್ಲೇ ಸಿಗುತ್ತದೆ. ರಜೆಯಲ್ಲಿ ಮಕ್ಕಳೊಡನೆ ಈ ನಾಲ್ಕು ಊರುಗಳನ್ನು ಸುತ್ತುವ ಪಾಲಕರಿಗೆ ಇದೊಂದು ಹೊಸ ನೆಪವಾದೀತು.

ಇಂಡಿ: ಕಥೆ ಹೊರಟ ಊರಿನ ನೆರೆ

ಇಂಡಿಯ ಹೆಸರು ಇಂದು ಲಿಂಬೆಗೆ ಪ್ರಸಿದ್ಧ. ಇಲ್ಲಿನ ಲಿಂಬೆಗೆ 2023ರಲ್ಲಿ ಭೌಗೋಳಿಕ ಮಾನ್ಯತೆಯೂ ದೊರೆತಿದೆ. ವಿದ್ಯೆಗೂ ಈ ತಾಲ್ಲೂಕು ಹಳಬ. ಸಾಲೋಟಗಿಯ ಕ್ರಿ.ಶ. 945ರ ಶಾಸನ, ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಇದ್ದ 27 ವಸತಿಗಳನ್ನು ಹೆಸರಿಸುತ್ತದೆ.

ಇಂಡಿಯಿಂದ ಭೀಮೆ ದಾಟಿದರೆ ಸೋಲಾಪುರದ ಸೀಮೆ. ಆ ಊರಿನಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಅದೇ ಇಂದಿನ ಎಚ್‌ಎಎಲ್. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಈ ಕಾರ್ಖಾನೆ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಬಂತು. ಯುದ್ಧದಲ್ಲಿ ಸವೆದ ವಿಮಾನಗಳು ದುರಸ್ತಿಗಾಗಿ ಇಲ್ಲಿಗೆ ಬರತೊಡಗಿದವು. ಅವುಗಳಲ್ಲೊಂದು ಕ್ಯಾಟಲಿನಾ ಎಂಬ ಹಾರುವ ದೋಣಿ. ಅದು ಇಳಿಯುತ್ತಿದ್ದುದು ಕಾರ್ಖಾನೆಗೆ ಹತ್ತಿರದ ಬೆಳ್ಳಂದೂರು ಕೆರೆಯಲ್ಲಿ! ಅಲ್ಲಿಂದ ಅದನ್ನು ದಡಕ್ಕೆಳೆದು ಕಾರ್ಖಾನೆಗೆ ಒಯ್ಯುತ್ತಿದ್ದರು.

ಜಲವಿಮಾನಗಳಲ್ಲಿ ಎರಡು ಬಗೆ. ಈಜು ಕಲಿಯುವ ಹುಡುಗ ಬೆನ್ನಿಗೆ ಬೆಂಡು ಕಟ್ಟಿಕೊಳ್ಳುವಂತೆ, ಚಕ್ರದ ಜಾಗದಲ್ಲಿ ತೇಲುವ ಬೆಂಡು ಕಟ್ಟಿಕೊಂಡ ವಿಮಾನ ಒಂದು ಬಗೆ. 1924ರಲ್ಲಿ ಭೂಮಿಯನ್ನು ಸುತ್ತಿದ ಅಮೆರಿಕದ ಡಗ್ಲಸ್ ವಿಮಾನಗಳು ಕಲ್ಕತ್ತಕ್ಕೆ ಬಂದದ್ದು ಹೀಗೆ. ಅಲ್ಲಿ ಬೆಂಡು ಬಿಚ್ಚಿ, ಚಕ್ರ ಹಾಕಿಕೊಂಡು ಮುಂದೆ ಹಾರಿದವು. ಇನ್ನೊಂದು ಬಗೆಯಲ್ಲಿ ವಿಮಾನದ ಒಡಲೇ ದೋಣಿ. 1935ರಲ್ಲಿ ಮೊದಲ ಬಾರಿ ಹಾರಿದ ಕ್ಯಾಟಲಿನಾ ಈ ಎರಡನೆಯ ಬಗೆಯದು. ಮೂರು ಸಾವಿರಕ್ಕೂ ಹೆಚ್ಚು ಕ್ಯಾಟಲಿನಾಗಳು ತಯಾರಾದವು.

ಹಿಂದೂ ಮಹಾಸಾಗರದ ಕಾವಲಿಗೆ ಮದ್ರಾಸಿನ ಬಳಿಯ ರೆಡ್ ಹಿಲ್ಸ್ ಕೆರೆಯೂ ಸಿಂಹಳದ ಕೊಗ್ಗಲವೂ ಇವುಗಳ ನೆಲೆಗಳಾಗಿದ್ದವು. 1942ರ ಏಪ್ರಿಲ್ 4ರಂದು ಸಿಂಹಳದತ್ತ ಬರುತ್ತಿದ್ದ ಜಪಾನಿ ನೌಕಾಪಡೆಯನ್ನು ಮೊದಲು ಕಂಡು ಸುದ್ದಿ ಮುಟ್ಟಿಸಿದ್ದು ಕೊಗ್ಗಲದಿಂದ ಹೊರಟ ಕ್ಯಾಟಲಿನಾ. 1943ರಿಂದ ಕೊಗ್ಗಲ ಮತ್ತು ಆಸ್ಟ್ರೇಲಿಯದ ಪರ್ತ್ ನಡುವೆ ಎಲ್ಲೂ ಇಳಿಯದೆ ಟಪಾಲು ಮತ್ತು ಪ್ರಯಾಣಿಕರನ್ನು ಸಾಗಿಸಿದ್ದೂ ಇದೇ ವಿಮಾನ. ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದುದರಿಂದ ಆ ಸೇವೆಗೆ ‘ಇಮ್ಮಡಿ ಸೂರ್ಯೋದಯ’ ಎಂಬ ಅರ್ಥದ ಹೆಸರು ಬಂತು.

ಗುಮ್ಮಟದೊಳಗೆ ವಿಮಾನ

ಸಿಂದಗಿಯ ದಾರಿ ಹಿಡಿಯುವ ಮೊದಲು ಅಳತೆಯ ಲೆಕ್ಕ ತಿಳಿದಿರಬೇಕು. ಪ್ರತಿಕೃತಿಗಾರರಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳಲ್ಲಿ 1:72 ಒಂದು. ಎಂದರೆ ನಿಜ ವಿಮಾನದ ಆರು ಅಡಿ ಪ್ರತಿಕೃತಿಯಲ್ಲಿ ಒಂದು ಅಂಗುಲ. ಕ್ಯಾಟಲಿನಾದ ರೆಕ್ಕೆಯ ಅಗಲ 104 ಅಡಿ. ಪ್ರತಿಕೃತಿಯಲ್ಲಿ ಅದು 44 ಸೆಂಟಿಮೀಟರ್. ಸುಮಾರು 64 ಅಡಿಯ ಉದ್ದ 27 ಸೆಂಟಿಮೀಟರಿಗೆ ಇಳಿಯುತ್ತದೆ. ಐದೂವರೆ ಅಡಿಯ ಚಾಲಕ 2.3 ಸೆಂಟಿಮೀಟರಿನ ಗೊಂಬೆಯಾಗುತ್ತಾನೆ.

ಜಿಲ್ಲೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ನೋಡಿರುವ ಗೋಳಗುಮ್ಮಟದ ಒಳಗಿನ ಚೌಕ ಒಂದೊಂದು ಬದಿಗೆ ಸುಮಾರು 135 ಅಡಿ. ಹಾಗಾದರೆ ಕ್ಯಾಟಲಿನಾವನ್ನು ರೆಕ್ಕೆ ಮಡಚದೆ ಗುಮ್ಮಟದೊಳಗೆ ನಿಲ್ಲಿಸಿದರೂ ಎರಡು ಬದಿ ಸೇರಿ 31 ಅಡಿ ಜಾಗ ಉಳಿಯುತ್ತದೆ. ಆಲಮಟ್ಟಿ ಅಣೆಕಟ್ಟು ಸುಮಾರು 1565 ಮೀಟರ್ ಉದ್ದ. ಇದೇ ಪ್ರಮಾಣದಲ್ಲಿ ಅದನ್ನು ಕಟ್ಟಿದರೆ ಶಾಲೆಯ ಅಂಗಳದಲ್ಲಿ 21.7 ಮೀಟರ್ ಬೇಕು. ಅನುಪಾತದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವುದು ಕಷ್ಟ.

ಇದೆಲ್ಲ ಹೊತ್ತು ಕಳೆಯುವ ಆಟವೆಂದು ಭಾವಿಸುವ ಪಾಲಕರು 1942ರ ಒಂದು ಘಟನೆಯನ್ನು ತಿಳಿಯಬೇಕು. ಆ ವರ್ಷ ಅಮೆರಿಕದ ನೌಕಾಪಡೆ ದೇಶದ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ ಐದು ಲಕ್ಷ ವಿಮಾನ ಪ್ರತಿಕೃತಿಗಳನ್ನು ಕೇಳಿತು. ಪ್ರಮಾಣ 1:72, ಬಣ್ಣ ಕಪ್ಪು. ಬರುತ್ತಿರುವ ವಿಮಾನ ತಮ್ಮದೋ ಶತ್ರುವಿನದೋ ಎಂದು ದೂರದಿಂದಲೇ ಗುರುತಿಸುವ ತರಬೇತಿಗೆ ಅವು ಬೇಕಾಗಿದ್ದವು. ಇಂಥ ಪ್ರತಿಕೃತಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, ಸುಮಾರು ಅರ್ಧ ಮೈಲಿ ದೂರದ ನಿಜ ವಿಮಾನ ಕಂಡಷ್ಟೇ ಕಾಣುತ್ತದೆ. ರೆಕ್ಕೆಯ ಓರೆ ತಪ್ಪಿದರೆ ಅದನ್ನು ನೋಡಿ ಕಲಿತ ಸಿಪಾಯಿ ತನ್ನವರ ಮೇಲೆಯೇ ಗುಂಡು ಹಾರಿಸಬಹುದು. ಆದ್ದರಿಂದ ಮಕ್ಕಳು ಮಾಡಿದ್ದನ್ನು ಅಚ್ಚಿನ ರಟ್ಟು ಹಿಡಿದು ಪರೀಕ್ಷಿಸಿಯೇ ಒಪ್ಪಿಕೊಳ್ಳುತ್ತಿದ್ದರು.

ಸಿಂದಗಿ: ದಂಟು ಮತ್ತು ಮಣ್ಣು

ಸಿಂದಗಿಯ ಸುತ್ತ ಹಿಂಗಾರಿಯಲ್ಲಿ ಕಣ್ಣು ಹಾಯುವಷ್ಟು ದೂರ ಬಿಳಿಜೋಳ. ಸುಗ್ಗಿ ಮುಗಿದ ಮೇಲೆ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಚುಚ್ಚಿ ಬಂಡಿ, ಕನ್ನಡಕ ಮಾಡುವುದು ಈ ಸೀಮೆಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ವಿದ್ಯೆ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಎರೆಮಣ್ಣು ಎತ್ತುಗಳಾಗುತ್ತದೆ. ಹಿಣಿಲು ಎಲ್ಲಿ ಏಳಬೇಕು, ಕೋಡು ಎಷ್ಟು ಬಾಗಬೇಕು ಎಂಬುದು ಎತ್ತಿನೊಡನೆ ಬೆಳೆದ ಕಣ್ಣಿಗೆ ತಾನಾಗಿ ತಿಳಿದಿರುತ್ತದೆ. ಪ್ರತಿಕೃತಿ ಕಲೆ ಇಲ್ಲಿಗೆ ಹೊರಗಿನಿಂದ ಬರಬೇಕಾದದ್ದಲ್ಲ. ಇದ್ದ ಕಲೆಗೆ ಅಳತೆಪಟ್ಟಿ ಸೇರಬೇಕು, ಅಷ್ಟೆ.

ಪ್ಲಾಸ್ಟಿಕ್ ಬಿಡಿಭಾಗಗಳ ಸಿದ್ಧ ಪೆಟ್ಟಿಗೆಗಳು ವಿದೇಶಗಳಿಂದ ಬರುತ್ತವೆ, ಬೆಲೆಯೂ ಹೆಚ್ಚು. ದಂಟಿನ ಬೆಂಡು ಹಗುರ, ಹರಿತವಾದ ಬ್ಲೇಡಿಗೆ ಸುಲಭವಾಗಿ ಬಗ್ಗುತ್ತದೆ. ಕ್ಯಾಟಲಿನಾದ ರೆಕ್ಕೆಯ ಮುಂಭಾಗ ಲೋಹದ್ದು, ಹಿಂಭಾಗಕ್ಕೆ ಹೊದಿಸಿದ್ದು ಬಟ್ಟೆ. ಬೆಂಡಿನ ಪಕ್ಕೆಗಳ ಮೇಲೆ ಗಾಳಿಪಟದ ಕಾಗದ ಅಂಟಿಸಿದರೆ, ಪಕ್ಕೆಗಳ ನಡುವೆ ಬಟ್ಟೆ ತುಸು ತಗ್ಗಿದಂತೆ ಕಾಣುವ ಆ ನೋಟ ಸುಲಭವಾಗಿ ಬರುತ್ತದೆ. ಬ್ಲೇಡು ಮಾತ್ರ ಹಿರಿಯರ ಕಣ್ಗಾವಲಿನಲ್ಲಿರಲಿ.

ಮುದ್ದೇಬಿಹಾಳ: ಉಳಿಯ ಕೆಲಸ

ಡೋಣಿಯ ದಂಡೆಯ ತಾಳಿಕೋಟೆ 1565ರ ಯುದ್ಧದಿಂದ ಪಠ್ಯಪುಸ್ತಕಗಳಲ್ಲಿ ಹೆಸರಾದ ಊರು. ಅದೀಗ ಬೇರೆ ತಾಲ್ಲೂಕು. ಹಿಂದೆ ಮುದ್ದೇಬಿಹಾಳಕ್ಕೆ ಸೇರಿತ್ತು. ಈ ಭಾಗದ ಬಡಿಗೇರರು ಕೂರಿಗೆ, ಕುಂಟೆ, ಬಂಡಿಗಳನ್ನು ಕಟ್ಟುತ್ತ ಬಂದವರು. ಕೂರಿಗೆಯ ತಾಳುಗಳ ಅಂತರ ತಪ್ಪಿದರೆ ಇಡೀ ಹೊಲದ ಸಾಲು ಕೆಡುತ್ತದೆ; ಅಳತೆಯ ಬೆಲೆ ಅವರಿಗೆ ಗೊತ್ತು. ವಿಮಾನದ ಒಡಲನ್ನು ಕೆತ್ತುವ ಹುಡುಗ ಅವರ ಬಳಿ ಒಂದು ವಾರ ಕುಳಿತರೆ ಉಳಿ ಹಿಡಿಯುವ ಹದ ತಿಳಿಯುತ್ತದೆ.

ಒಡಲಿಗೆ ಹಣ್ಣಿನ ಪೆಟ್ಟಿಗೆಯ ಹಲಗೆಗಳನ್ನು ಫೆವಿಕಾಲ್ ಹಾಕಿ ಜೋಡಿಸಿದರೆ ಸಾಕು. ಮೊದಲು ಕಾಗದದ ಮೇಲೆ ವಿಮಾನದ ಮೇಲ್ನೋಟ, ಪಕ್ಕನೋಟ. ಅನಂತರ ಒಡಲನ್ನು ಅಡ್ಡ ಕತ್ತರಿಸಿದರೆ ಪ್ರತಿ ಮೂರು ಸೆಂಟಿಮೀಟರಿಗೆ ಆಕಾರ ಹೇಗಿರುತ್ತದೆಯೋ ಹಾಗೆ ರಟ್ಟಿನ ಅಚ್ಚುಗಳು. ಕೆತ್ತಿದ ಮರಕ್ಕೆ ಅಚ್ಚು ಹಿಡಿದು ಬೆಳಕಿಗೆ ನೋಡಬೇಕು. ಸಂದಿಯಲ್ಲಿ ಬೆಳಕು ಕಂಡರೆ ಕೆಲಸ ಬಾಕಿ ಇದೆ ಎಂದರ್ಥ.

ಒಡಲಿನ ತಳದಲ್ಲಿ, ನಡುವಿನ ಆಸುಪಾಸಿನಲ್ಲಿ, ಒಂದು ಮೆಟ್ಟಿಲಿದೆ. ಅವಸರದವರು ಅದನ್ನು ಉಜ್ಜಿ ನಯ ಮಾಡಿಬಿಡುತ್ತಾರೆ. ಆದರೆ ವಿಮಾನ ನೀರಿನಿಂದ ಏಳುವುದೇ ಆ ಮೆಟ್ಟಿಲಿನಿಂದ. ನೀರು ನುಣುಪಾದ ತಳಕ್ಕೆ ಅಂಟಿಕೊಂಡು ಹಿಡಿದೆಳೆಯುತ್ತದೆ. ವೇಗ ಹೆಚ್ಚಿದಂತೆ ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿ ಆ ಹಿಡಿತ ಬಿಡುತ್ತದೆ. ರೆಕ್ಕೆಯ ತುದಿಯ ಪುಟ್ಟ ತೇಲುಬೆಂಡುಗಳೂ ಹೀಗೆಯೇ ಕಾರಣವಿದ್ದು ಬಂದವು. ನೀರಿನಲ್ಲಿದ್ದಾಗ ಅವು ಕೆಳಗಿಳಿದು ವಿಮಾನ ವಾಲದಂತೆ ತಡೆಯುತ್ತವೆ. ಹಾರುವಾಗ ಮೇಲೆ ಮಡಚಿ ರೆಕ್ಕೆಯ ತುದಿಯೇ ಆಗುತ್ತವೆ. ಪ್ರತಿಕೃತಿಯನ್ನು ನೀರಿನಲ್ಲಿರುವಂತೆ ತೋರಿಸಬೇಕೋ ಹಾರುತ್ತಿರುವಂತೆಯೋ ಎಂದು ಮೊದಲೇ ತೀರ್ಮಾನಿಸಬೇಕು. ಬೆಂಡು ಮೇಲೆತ್ತಿ ನೀರಿಗಿಳಿಸಿದರೆ ಬಲ್ಲವರು ನಗುತ್ತಾರೆ.

ಒಡಲಿನ ಎರಡು ಪಕ್ಕದ ಗಾಜಿನ ಗುಳ್ಳೆಗಳಲ್ಲಿ ಕಾವಲುಗಾರರು ಕುಳಿತು ಸಮುದ್ರ ನೋಡುತ್ತಿದ್ದರು. ಮನೆಯಲ್ಲಿ ಮುಗಿದ ಕ್ಯಾಪ್ಸೂಲ್ ಹಾಳೆಯ ಪಾರದರ್ಶಕ ಗುಳ್ಳೆಗಳು ಆ ಕೆಲಸಕ್ಕೆ ಒದಗುತ್ತವೆ. ನಿಜ ವಿಮಾನದ ಅರ್ಧ ಸೆಂಟಿಮೀಟರಿನ ರಿವೆಟ್ಟು ಈ ಪ್ರಮಾಣದಲ್ಲಿ ಕೂದಲೆಳೆಯಷ್ಟಾಗುತ್ತದೆ. ಸೂಜಿಮೊನೆಯಿಂದ ಹಗುರಾಗಿ ಒತ್ತಿದರೆ ಸಾಕು. ಬಣ್ಣದಲ್ಲೂ ಎಚ್ಚರ ಬೇಕು. ಬ್ರಿಟಿಷ್ ವಿಮಾನಗಳ ವೃತ್ತಚಿಹ್ನೆಯ ನಡುವೆ ಸಾಮಾನ್ಯವಾಗಿ ಕೆಂಪು ಬೊಟ್ಟು ಇರುತ್ತಿತ್ತು. ಅದು ಜಪಾನಿನ ಕೆಂಪು ಸೂರ್ಯನನ್ನು ಹೋಲುತ್ತಿದ್ದುದರಿಂದ, ನಮ್ಮ ಕಡೆ ಹಾರುವ ವಿಮಾನಗಳಲ್ಲಿ ಅದನ್ನು ಅಳಿಸಿ ಗಾಢ ನೀಲಿ, ತಿಳಿ ನೀಲಿ ಮಾತ್ರ ಉಳಿಸಿದರು. ಒಂದು ಬೊಟ್ಟು ಕೆಂಪು ಬಣ್ಣದ ಮೇಲೆ ಜೀವಗಳು ನಿಂತಿದ್ದವು.

ಬಸವನ ಬಾಗೇವಾಡಿ: ನೀರಿನ ದಂಡೆ

ಕಾಯಕಕ್ಕೆ ಘನತೆ ತಂದ ಬಸವಣ್ಣನವರ ನೆಲ ಬಸವನ ಬಾಗೇವಾಡಿ. ಇಲ್ಲಿಂದ ದಕ್ಷಿಣಕ್ಕೆ ಹೋದರೆ, ಹಳೆಯ ಬಾಗೇವಾಡಿ ತಾಲ್ಲೂಕಿನಿಂದ ಈಗ ನಿಡಗುಂದಿಗೆ ಸೇರಿದ ಆಲಮಟ್ಟಿ. ಅಡಿಗಲ್ಲು ಬಿದ್ದದ್ದು 1964ರಲ್ಲಿ. 2006ರಲ್ಲಿ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದವರು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ. ಅವರು ಮದ್ರಾಸಿನಲ್ಲಿ ಓದಿದ್ದು ವಿಮಾನ ಎಂಜಿನಿಯರಿಂಗ್ ಎಂಬುದನ್ನು ಮಕ್ಕಳಿಗೆ ಇಲ್ಲಿ ನೆನಪಿಸಬೇಕು. ಮೊಸರಿಗೆ ಹೆಸರಾದ ಕೊಲ್ಹಾರದ ಉದ್ದನೆಯ ಸೇತುವೆಯ ಮೇಲಿಂದ ನೋಡಿದರೆ ಹಿನ್ನೀರಿಗೆ ದಡವೇ ಇಲ್ಲವೇನೋ ಅನಿಸುತ್ತದೆ. ಚಳಿಗಾಲದಲ್ಲಿ ರಾಜಹಂಸಗಳು ಈ ಹಿನ್ನೀರಿಗೆ ಬಂದಿಳಿಯುತ್ತವೆ. ನೀರಿಗಿಳಿಯುವ ಹಕ್ಕಿ ಕಾಲು ಮುಂದೆ ಚಾಚಿ, ರೆಕ್ಕೆ ಅಗಲಿಸಿ ವೇಗ ಕಳೆಯುವುದನ್ನು ನೋಡಿದ ಮಗುವಿಗೆ ಜಲವಿಮಾನ ಇಳಿಯುವ ಬಗೆ ಬೇರೆಯಾಗಿ ವಿವರಿಸಬೇಕಿಲ್ಲ. ದಂಡೆಯಿಂದ ದೂರ ನಿಂತು ನೋಡಿದರೆ ಕ್ಷೇಮ.

ಆದರೆ ಈ ನೀರಿನ ಕೆಳಗೆ ಊರುಗಳಿವೆ. ಹಳೆಯ ಕೊಲ್ಹಾರದ ಬೀದಿಗಳಿವೆ. ದಡದಾಚೆ ಬಾಗಲಕೋಟೆಯ ತಗ್ಗಿನ ಓಣಿಗಳಿವೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಮಟ್ಟ ಏರಿದರೆ ಇನ್ನಷ್ಟು ಮನೆ, ಹೊಲಗಳು ನೀರಿಗೆ ಸೇರುತ್ತವೆ.

ಬೆಳ್ಳಂದೂರು ಕೆರೆಯ ಪಾಡು ಇಲ್ಲಿ ನೆನಪಾಗುತ್ತದೆ. ಕ್ಯಾಟಲಿನಾ ಇಳಿಯುತ್ತಿದ್ದ ಆ ನೀರು 2015 ಮತ್ತು 2017ರಲ್ಲಿ ನೊರೆಯುಕ್ಕಿ, ಬೆಂಕಿ ಹತ್ತಿ ದೇಶಕ್ಕೆಲ್ಲ ಸುದ್ದಿಯಾಯಿತು. ಅಲ್ಲಿ ವಿಮಾನ ಇಳಿಯುತ್ತಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು. ಆದರೆ ವಿಮಾನದ ಅಳತೆಗಳು ಉಳಿದಿವೆ. ಆದ್ದರಿಂದಲೇ 80 ವರ್ಷಗಳ ಮೇಲೂ ಅದನ್ನು ಮೇಜಿನ ಮೇಲೆ ಕಟ್ಟಿ ತೋರಿಸಬಹುದು. ಮುಳುಗಿದ ಓಣಿಗಳ ಅಳತೆ ಬರೆದಿಟ್ಟವರು ಯಾರು? ಕಟ್ಟೆ ಎಷ್ಟು ಎತ್ತರ, ಪಡಸಾಲೆ ಎಷ್ಟು ಕಂಬದ್ದು, ಬೇವಿನ ಮರದಿಂದ ಬಾವಿಗೆ ಎಷ್ಟು ಹೆಜ್ಜೆ ಎಂಬುದು ಹಿರಿಯರ ನೆನಪಿನಲ್ಲಿ ಮಾತ್ರ ಇದೆ.

ಕ್ಯಾಟಲಿನಾ ಕಟ್ಟಿ ಕೈ ಪಳಗಿದ ವಿದ್ಯಾರ್ಥಿ ಮುಂದಿನ ರಜೆಯಲ್ಲಿ ಅಜ್ಜ ಅಜ್ಜಿಯ ಎದುರು ಕಾಗದ ಹಿಡಿದು ಕೂರಬಹುದು. ಅದೇ ಪ್ರಮಾಣದಲ್ಲಿ 36 ಅಡಿ ಉದ್ದದ ಮನೆ ಅರ್ಧ ಅಡಿಯಾಗುತ್ತದೆ; ಒಂದು ಓಣಿಯೇ ಒಂದು ಹಲಗೆಯ ಮೇಲೆ ಕೂರುತ್ತದೆ. ಇನ್ನೂ ನೀರಿನ ಮೇಲಿರುವ ಮನೆಗಳಿಗಾದರೆ ಟೇಪು ಹಿಡಿದು ಇಂದೇ ಹೋಗಬಹುದು.

ಹೋಗುವ ದಾರಿ: ಗದಗ–ಸೋಲಾಪುರ ರೈಲು ಮಾರ್ಗದಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಮತ್ತು ಆಲಮಟ್ಟಿ ನಿಲ್ದಾಣಗಳಿವೆ. ಸಿಂದಗಿ, ಮುದ್ದೇಬಿಹಾಳಗಳಿಗೆ ವಿಜಯಪುರದಿಂದ ಬಸ್ಸು ಹಿಡಿಯಬೇಕು. ಹಕ್ಕಿಗಳನ್ನು ನೋಡಬಯಸುವವರಿಗೆ ಚಳಿಗಾಲ ಒಳ್ಳೆಯದು. ಜೋಳದ ದಂಟು ಬೇಕಾದವರು ಸುಗ್ಗಿಯ ನಂತರ ಹೋಗಬೇಕು.