ಸೊನ್ನಿ ಬರಕೋ, ಫುಪ್ಪು

ಕಳೆದ ಏಪ್ರಿಲ್‌ನಲ್ಲಿ ನನ್ನ ಪಿಎಚ್.ಡಿ. ಪ್ರಶ್ನಾವಳಿಯನ್ನು ಮೊದಲು ಪರೀಕ್ಷಿಸಿದ್ದು ಮೋಮಿನಪುರದ ನಮ್ಮ ಮನೆಯಲ್ಲೇ, ಅಣ್ಣನ ಮಗಳ ಮೇಲೆ. ಅವಳಿಗೆ ಹನ್ನೊಂದು ವರ್ಷ. ನಾವು ಮನೆಯಲ್ಲಿ ಆಡುವುದು ದಖನಿ. ಪ್ರಶ್ನೆಗಳು ಕನ್ನಡದಲ್ಲಿದ್ದುದರಿಂದ ಅಂದು ಇಬ್ಬರೂ ಶಾಲೆಯಲ್ಲಿ ಕೂತವರ ಹಾಗೆ ಕನ್ನಡದಲ್ಲೇ ಮಾತಾಡಿದೆವು.

'ಹೋದ ಏಳು ದಿನದಾಗ ಎಷ್ಟು ದಿನ, ದಿನಕ್ಕ ಕಮ್ಮಿ ಅಂದ್ರ 60 ನಿಮಿಷ ದೈಹಿಕ ಚಟುವಟಿಕೆ ಮಾಡೀದಿ?'

ಅವಳು ಬೆರಳು ಮಡಚಿ ಎಣಿಸಲೂ ಇಲ್ಲ. 'ಸೊನ್ನಿ ಬರಕೋ, ಫುಪ್ಪು' ಎಂದಳು.

ಹಾಗೆ ಹೇಳುವಾಗ ಒಂದೂವರೆ ವರ್ಷದ ತಮ್ಮ ಅವಳ ಸೊಂಟದ ಮೇಲಿದ್ದ. ಬೆಳಿಗ್ಗೆ ನಲ್ಲಿ ಬಂದಾಗ ಎರಡು ಮಹಡಿ ಹತ್ತಿಳಿದು ನೀರು ತುಂಬಿದ್ದಳು. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಲ್ಲಿ ಮನೆಗೆಲಸವೂ ದೈಹಿಕ ಚಟುವಟಿಕೆಯೇ. ಆ ಲೆಕ್ಕದಲ್ಲಿ ಅವಳ ಉತ್ತರ ಸೊನ್ನೆಯಾಗಬೇಕಿರಲಿಲ್ಲ. ಆದರೆ ಅವಳು ಎಣಿಸಿದ್ದು ಆಟವನ್ನು ಮಾತ್ರ. ನಾನು ಸೊನ್ನೆ ಎಂದೇ ಬರೆದುಕೊಂಡೆ. ಮಾರ್ಗದರ್ಶಕರಿಗೆ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತು ಎಂದುಕೊಂಡೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತೆ ಮೈ ದಣಿಸಬೇಕು ಎಂಬುದು ಆ ಸಂಸ್ಥೆಯ ಸಲಹೆ. 2016ರ ಅಂಕಿಗಳ ಪ್ರಕಾರ ಜಗತ್ತಿನಲ್ಲಿ 11ರಿಂದ 17ರ ವಯಸ್ಸಿನ ಶೇ. 81 ಮಕ್ಕಳು ಅಷ್ಟು ಮಾಡುತ್ತಿರಲಿಲ್ಲ: ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85. ಈ ಏಳರ ಅಂತರವನ್ನು ನಾನು ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಅದು ನಮ್ಮ ಗಲ್ಲಿಯಲ್ಲಿ ಹೇಗೆ ಕಾಣುತ್ತದೆ ಎಂದು ನೋಡಿರಲಿಲ್ಲ.

ಕಲಬುರಗಿಯ ಬಿಸಿಲು ಎಲ್ಲರಿಗೂ ಗೊತ್ತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ, ಶಾಲೆಗಳು ಬೆಳಗಿನ ಹೊತ್ತಿಗೆ ಸರಿಯುತ್ತವೆ, ಹನ್ನೊಂದರಿಂದ ಐದೂವರೆಯವರೆಗೆ ಗಲ್ಲಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಆಟ ಶುರುವಾಗುವುದೇ ಹೊತ್ತು ಮುಳುಗುವಾಗ. ಬೀದಿದೀಪದ ಕೆಳಗೆ ಹುಡುಗರ ಕ್ರಿಕೆಟ್ಟು ಹತ್ತು ಗಂಟೆಯವರೆಗೂ ನಡೆಯುತ್ತದೆ. ಅದೇ ಹೊತ್ತಿಗೆ, ಮಗ್ರಿಬ್ ಅಜಾನ್ ಆಗುತ್ತಿದ್ದಂತೆ, ಹುಡುಗಿಯರನ್ನು ಒಳಗೆ ಕರೆಯುತ್ತಾರೆ. ಚಳಿಗಾಲದಲ್ಲಿ ಶಾಲೆ ಬಿಟ್ಟ ಮೇಲೆ ಸಿಗುವ ಒಂದು ಗಂಟೆ ಬೇಸಿಗೆಯಲ್ಲಿ ಅವರಿಗೆ ಪೂರ್ತಿ ಇಲ್ಲವಾಗುತ್ತದೆ. 'ಮೊಬೈಲ್ ಬಿಡೋದೇ ಇಲ್ಲ ನೋಡು' ಎಂದು ಭಾಭಿ ದೂರುತ್ತಾರೆ. ಬಿಟ್ಟು ಎಲ್ಲಿಗೆ ಹೋಗಬೇಕು?

ಇದು ಜಾಗದ ತಾಪತ್ರಯ, ಹಳ್ಳಿ ಕಡೆ ಹೀಗಿರಲಿಕ್ಕಿಲ್ಲ ಎಂದುಕೊಂಡು ಕೆಂಪು ಬಾಳೆಯ ಕಮಲಾಪುರದ ಕಡೆ ಹೋದೆ. ಅಲ್ಲಿನ ಒಂದು ಶಾಲೆಯ ಬಯಲು ನಮ್ಮ ಹತ್ತು ಗಲ್ಲಿಯಷ್ಟಿತ್ತು. ಹುಡುಗರು ಆಡುತ್ತಿದ್ದರು. ಹುಡುಗಿಯರು ಬೇವಿನ ನೆರಳಲ್ಲಿ ಅವರ ಚೀಲ, ನೀರಿನ ಬಾಟಲಿ ಕಾಯುತ್ತ ರನ್ ಎಣಿಸುತ್ತಿದ್ದರು. ನೀವ್ಯಾಕ ಆಡಂಗಿಲ್ಲ ಎಂದೆ. 'ಬ್ಯಾಟ್ ಒಂದೇ ಅದ್ರಿ, ಅದು ಅವರ ಕಡಿ ಅದ' ಎಂದಳೊಬ್ಬಳು, ಇದೂ ಒಂದು ಪ್ರಶ್ನೆಯೇ ಎಂಬಂತೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ ಬೇಕು ಎನ್ನುತ್ತದೆ. 6ರಿಂದ 8ನೇ ತರಗತಿಯವರಿಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರು ಕಡ್ಡಾಯವಾಗುವುದು ಮಕ್ಕಳ ಸಂಖ್ಯೆ ನೂರು ದಾಟಿದರೆ ಮಾತ್ರ. ಬ್ಯಾಟು ಕೈ ಬದಲಾಯಿಸುವಂತೆ ನೋಡಿಕೊಳ್ಳಲು ಬಯಲಿನಲ್ಲಿ ಒಬ್ಬ ದೊಡ್ಡವರು ನಿಂತಿರಬೇಕು. ಅಂದು ಅಲ್ಲಿ ಯಾರೂ ಇರಲಿಲ್ಲ.

ನಾನು ಆರನೇ ತರಗತಿಯವರೆಗೆ ಓಡುತ್ತಿದ್ದೆ, ಚೆನ್ನಾಗಿಯೇ ಓಡುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ಅಬ್ಬಾ ಅಂತೂ ಬೂಟು ಕೊಡಿಸಿದ್ದರು. ಒಂದು ಸಂಜೆ ಅಮ್ಮಿ ಹಿಟ್ಟು ನಾದಲು ಕರೆದರು, ಮರುದಿನವೂ ಕರೆದರು. ಬೂಟು ಕಿರಿದಾದ ಮೇಲೆ ಹೊಸದನ್ನು ನಾನೇ ಕೇಳಲಿಲ್ಲ. ಇದನ್ನು ನಾನು ಮರೆತಿದ್ದೇನೆ ಎಂದೇ ಭಾವಿಸಿದ್ದೆ. ಪ್ರಶ್ನಾವಳಿ ತುಂಬಿಸಿಕೊಂಡ ವಾರವೇ ಒಂದು ಸಂಜೆ ಹುಡುಗಿ ಬಾಗಿಲಲ್ಲಿ ನಿಂತು ಆಟ ನೋಡುತ್ತಿದ್ದಳು. 'ಅಂದರ್ ಆ' ಎಂದು ಕೂಗಿದ ದನಿ ನನ್ನದೇ.

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಫಜ್ರ್ ಆದ ಮೇಲಿನ ಒಂದು ಗಂಟೆ ತಂಪಾಗಿರುತ್ತದೆ, ಅದನ್ನು ಯಾರೂ ಬಳಸುತ್ತಿಲ್ಲ ಎಂದು ಹೊಳೆಯಿತು. ಹತ್ತಿರದ ಶಾಲೆಯೊಂದರಲ್ಲಿ ಬೆಳಿಗ್ಗೆ ಗೇಟು ತೆಗೆಯುತ್ತೀರಾ ಎಂದು ಕೇಳಿದೆ. 'ಮಕ್ಕಳು ಬಿದ್ದರ ಜವಾಬ್ದಾರಿ ಯಾರದ್ರಿ?' ಎಂದರು. ಉತ್ತರ ನನ್ನ ಬಳಿಯೂ ಇರಲಿಲ್ಲ. ಕೊನೆಗೆ ಉಳಿದಿದ್ದು ನಮ್ಮದೇ ಮಾಳಿಗೆ. ಐದು ಹುಡುಗಿಯರು, ಒಂದು ಹಗ್ಗ, ಕುಂಟೆಬಿಲ್ಲೆಗೆ ಸೀಮೆಸುಣ್ಣದ ಗೆರೆ. ಲಗೋರಿ ಎರಡೇ ದಿನಕ್ಕೆ ನಿಂತಿತು, ಚೆಂಡು ಪಕ್ಕದವರ ನೀರಿನ ಟ್ಯಾಂಕಿಗೆ ಬಿತ್ತು. ಭಾಭಿ ಮೊದಲ ವಾರ ಮೆಟ್ಟಿಲ ಹತ್ತಿರ ಕಾವಲು ನಿಂತಿದ್ದರು. ಮೂರನೇ ವಾರ ಚಪ್ಪಲಿ ಬಿಟ್ಟು ಹಗ್ಗಕ್ಕೆ ಬಂದರು. ಹದಿನೇಳು ಹಾರಿದರು, ಆಮೇಲೆ ಮಂಡಿ ಹಿಡಿದು ಕೂತು ನಕ್ಕರು.

ಮೊನ್ನೆ ಅಣ್ಣನ ಮಗಳಿಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಈ ಸಲ ಬೆರಳು ಮಡಚಿದಳು.

'ನಾಕು. ಐದ್ ಆಗ್ತಿತ್ತು, ಶುಕ್ರವಾರ ನೀನೇ ಏಳಲಿಲ್ಲ.'