ಹೊನೊಲುಲುವಿನಲ್ಲಿ ಹೊರಡದ ಶಿಳ್ಳೆ!

ಹುಲ್ಲಿನ ಲಂಗ, ಕೊರಳಲ್ಲಿ ಹೂಮಾಲೆ, ಬಳುಕುವ ಸೊಂಟ... ಹಳೇ ಪಿಕ್ಚರುಗಳ ಕ್ಲಬ್ ಡ್ಯಾನ್ಸ್ ನೋಡಿ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೆದವರು ನೀವಷ್ಟೇ ಅಲ್ಲ ಮಾರಾಯ್ರೇ, ನಾನೂ! ನನ್ನ ಪಿಯುಸಿ ಅರ್ಧಕ್ಕೇ ನಿಂತದ್ದಕ್ಕೆ ಅದೂ ಒಂದು ಕಾರಣ.

2024ರ ಜೂನ್‌ನಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಪೆಸಿಫಿಕ್ ದ್ವೀಪಗಳ ಕಲಾ ಉತ್ಸವ. ಟಹೀಟಿಯ ಒಂದು ನೃತ್ಯ ತಂಡದ ಜೊತೆ ಫೋಟೋ ತೆಗೆಯಲು ಹೊರಟೆ. ತೆಗೆದದ್ದಕ್ಕಿಂತ ಹೊತ್ತದ್ದೇ ಜಾಸ್ತಿ! ಅವರ ‘ತೋಯೆರೆ’ ಅಂದರೆ ಟೊಳ್ಳು ಕೊರೆದ ಮರದ ದಿಮ್ಮಿ. ಕೋಲಿನಿಂದ ಬಾರಿಸಿದರೆ ಎದೆಯೇ ನಡುಗುತ್ತದೆ.

ರಿಹರ್ಸಲ್‌ನಲ್ಲಿ ಹಳೇ ಚಾಳಿ ಬಿಡಲಿಲ್ಲ. ಹೊಡೆದೇಬಿಟ್ಟೆ ಶಿಳ್ಳೆ! ಕುಣಿಯುತ್ತಿದ್ದ ಹುಡುಗಿ ಗಕ್ಕನೆ ನಿಂತಳು. ಡೋಲೂ ನಿಂತಿತು. ನಾನು ಭೂಮಿಗೆ ಇಳಿದುಹೋದೆ.

ತಂಡದ ಹಿರಿಯಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಲಂಗ ತೋರಿಸಿದರು. ಅದು ಹುಲ್ಲೇ ಅಲ್ಲ! ನಮ್ಮ ದಾಸವಾಳದ ಬಳಗದ ‘ಪೂರಾವು’ ಮರದ ನಾರು. “ಸೊಂಟ ಸಾಕು, ಕೈ ನೋಡು” ಅಂದರು. ‘ಅಪರೀಮಾ’ ಕುಣಿತದಲ್ಲಿ ಕತೆ ಹೇಳುವುದೇ ಕೈ. 19ನೇ ಶತಮಾನದಲ್ಲಿ ಮಿಷನರಿಗಳ ಪ್ರಭಾವದಿಂದ ಟಹೀಟಿಯಲ್ಲಿ ಕುಣಿತಕ್ಕೇ ನಿಷೇಧ ಬಿದ್ದಿತ್ತು. ಅಶ್ಲೀಲವಂತೆ! ಅವರು ಕಂಡದ್ದೂ ಸೊಂಟವೇ, ಗಾಂಧಿ ಕ್ಲಾಸಿನಲ್ಲಿ ನಾನು ಕಂಡದ್ದೂ ಅದೇ.

ಉತ್ಸವದ ರಾತ್ರಿ ಅದೇ ಹುಡುಗಿ ವೇದಿಕೆಯಲ್ಲಿ. ಬೆರಳುಗಳಲ್ಲಿ ಅಲೆ ಎದ್ದಿತು, ದೋಣಿ ಹೋಯಿತು, ಯಾರನ್ನೋ ಕರೆಯಿತು. ಕ್ಯಾಮೆರಾ ನನ್ನ ಮಡಿಲಲ್ಲೇ ಉಳಿಯಿತು. ಕುಣಿತ ಮುಗಿದಾಗ ಜನ ಹೋ ಎಂದು ಕೂಗಿದರು.

ಹಿರಿಯಮ್ಮ ನನ್ನತ್ತ ತಿರುಗಿ ನಕ್ಕರು: “ಈಗ ಹೊಡಿ ನಿನ್ನ ಶಿಳ್ಳೆ!”

ಬೆರಳು ಬಾಯಿಗಿಟ್ಟೆ. ತುಟಿ ಒಣಗಿತ್ತು. ಬರೀ ಗಾಳಿ ಬಂತು.